ಬಾಗಿಲಿಗೆ ಬಂದವರೇ ಜೋಡಿ

ಹಗರಿಬೊಮ್ಮನಹಳ್ಳಿ
ಭಾನುವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಮಗಳು ಅಮೃತಾ,

ಹೇಗಿದ್ದೀ? ಭುಜದ ನೋವು ಇಳಿಯಿತೇ? ಹೈದರಾಬಾದಿನಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ನಿನ್ನ ಅವ್ವ ಹೇಳಿದಳು. ನಸುಕಿನಲ್ಲಿ ಓಡಲು ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೋ. ಶೇಂಗಾ ಚಟ್ನಿಪುಡಿ ತಲುಪಿತಂತೆ, ಅರ್ಧ ಡಬ್ಬಿ ಹಾಸ್ಟೆಲ್ಲಿನ ಹುಡುಗಿಯರೇ ಖಾಲಿ ಮಾಡಿದರಂತೆ. ಅವ್ವ ಅದನ್ನು ದೂರಿನಂತೆ ಹೇಳುತ್ತಲೇ ಇನ್ನೊಂದು ಡಬ್ಬಿಗೆ ಶೇಂಗಾ ಹುರಿಯುತ್ತಿದ್ದಾಳೆ. ಅವಳ ಬಿ.ಪಿ. ಹತೋಟಿಯಲ್ಲಿದೆ. ನನಗೆ ಹೇಳಿಕೊಳ್ಳುವಂಥ ಕಾಯಿಲೆ ಏನಿಲ್ಲ. ಮೆಕ್ಕೆಜೋಳ ಬರತೊಡಗಿದೆ, ವಾರವೆಲ್ಲ ದಲಾಲಿ ಅಂಗಡಿಯ ಮುಂದೆ ಟ್ರ್ಯಾಕ್ಟರುಗಳ ಸಾಲು, ಎಲ್ಲರ ತಲೆಯ ಮೇಲೂ ಹೊಟ್ಟು. ಇವತ್ತು ರಜೆ. ಅರ್ಧ ಬಾಗಿಲು ತೆಗೆದುಕೊಂಡು ಒಳಗೆ ಕೂತು ಬರೆಯುತ್ತಿದ್ದೇನೆ.

ಫೋನು ಇರುವಾಗ ಪತ್ರ ಯಾಕೆ ಎಂದು ನೀನು ಹುಬ್ಬು ಏರಿಸಬಹುದು. ಫೋನಿನಲ್ಲಿ ನಾನು ‘ಊಟ ಆತೇನು’ ಎನ್ನುತ್ತೇನೆ, ನೀನು ‘ಆತಪ್ಪ’ ಎನ್ನುತ್ತೀ, ಅಷ್ಟರಲ್ಲಿ ನಮ್ಮಿಬ್ಬರ ಮಾತು ಮುಗಿದಿರುತ್ತದೆ. ಉಳಿದದ್ದೆಲ್ಲ ಅವ್ವನ ಮೂಲಕವೇ ನನಗೆ ತಲುಪಬೇಕು. ಈ ಸಲ ತಲುಪಿದ್ದು ಇಷ್ಟು: ತಿಂಗಳ ಕೊನೆಯೊಳಗೆ ಜೋಡಿಯ ಹೆಸರು ಕೊಡಬೇಕೆಂದು ನಿಮ್ಮ ಕೋಚ್ ಹೇಳಿದ್ದಾರೆ, ಗುವಾಹಟಿ ಕಡೆಯ ಒಬ್ಬ ಎಡಗೈ ಹುಡುಗಿಯನ್ನು ನಿನ್ನ ಜೊತೆ ಆಡಿಸಲು ನೋಡುತ್ತಿದ್ದಾರೆ, ಕೊಡದಿದ್ದರೆ ಈ ವರ್ಷದ ಪಂದ್ಯಗಳೂ ಇಲ್ಲ, ಶಿಬಿರದಲ್ಲಿ ಜಾಗವೂ ಇಲ್ಲ. ನೀನು, ‘ಹೊನ್ನೂರಿ ಬರೋತನಕ ನಾ ಯಾರ ಜೋಡಿನೂ ಆಡಂಗಿಲ್ಲ. ಬ್ಯಾಡಂದ್ರ ಊರಿಗೆ ಬರ್ತೀನಿ’ ಎಂದಿದ್ದೀ. ಆ ಹುಡುಗಿಯ ಹೆಸರನ್ನು ಅವ್ವ ಮೂರು ಬಗೆಯಾಗಿ ಹೇಳಿದಳು, ಮೂರೂ ತಪ್ಪಿರಬೇಕು. ನಿನ್ನ ಮಾತನ್ನು ಮಾತ್ರ ಒಂದೇ ಬಗೆಯಾಗಿ ಹೇಳಿದಳು.

ನನಗೆ ನಮ್ಮೂರಿನ ಹಳೆಯ, ಹತ್ತಿ ಬಿಡಿಸುವ ಜಿನ್ನಿನ ಶೆಡ್ಡು ನೆನಪಾಯಿತು. ಜಿನ್ನು ನಿಂತ ಮೇಲೆ ಪಿ.ಟಿ. ಮೇಷ್ಟ್ರು ಪಂಚಾಕ್ಷರಪ್ಪನವರು ಮಾಲೀಕರನ್ನು ಕಾಡಿ ಬೇಡಿ ಅದನ್ನು ಮಕ್ಕಳಿಗೆ ಷಟಲ್ ಆಡಲು ಕೊಡಿಸಿದರು. ಗೆರೆ ಎಳೆಯಲು ಕರೆದದ್ದು ತಿಪ್ಪೇಶನನ್ನು, ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹೂವು, ಹೆಸರು ಬರೆಯುವವನು. ಮೇಷ್ಟ್ರು ಕೊಟ್ಟ ಚಿತ್ರದಲ್ಲಿ ಎರಡೂ ಪಕ್ಕಗಳಲ್ಲಿ ಎರಡೆರಡು ಗೆರೆಗಳಿದ್ದವು, ಒಳಗಿನದು ಒಬ್ಬೊಬ್ಬರ ಆಟಕ್ಕೆ, ಹೊರಗಿನದು ಇಬ್ಬಿಬ್ಬರ ಆಟಕ್ಕೆ. ತಿಪ್ಪೇಶನ ಕಣ್ಣಿಗೆ ಅದು ಬಾರ್ಡರ್. ಟ್ರೇಲರಿಗಾದರೆ ಎರಡೆಳೆ ಚೆಂದ, ತುಳಿಯುವ ನೆಲಕ್ಕೆ ಯಾಕೆಂದು ಹೊರಗಿನದನ್ನಷ್ಟೇ ಎಳೆದ. ಮೇಷ್ಟ್ರು ರೇಗಿದಾಗ, ‘ಹೊರಗ ಇಷ್ಟ್ ಹುಡುಗ್ರು ನಿಂತಾವು, ಇಬ್ಬರಿಗ ಅಷ್ಟ್ ಜಾಗ ಯಾಕ್ರಿ ಸಾರ್?’ ಎಂದನಂತೆ. ಮೇಷ್ಟ್ರು ಹೊರಗೆ ನೋಡಿ, ಗೆರೆ ಹಾಗೇ ಇರಲಿ ಎಂದರು. ಹಾಗಾಗಿ ನಮ್ಮೂರಲ್ಲಿ ಒಂಟಿ ಆಟವೇ ಹುಟ್ಟಲಿಲ್ಲ. ಗೆಳತಿಯರನ್ನು ಆರಿಸಿಕೊಂಡು ಗುಂಪು ಕಟ್ಟಬಾರದೆಂದು ಮೇಷ್ಟ್ರು ಇನ್ನೊಂದು ಕಟ್ಟಳೆಯನ್ನೂ ಮಾಡಿದರು: ಅಂಕಣದಲ್ಲಿ ಒಬ್ಬರು ಒಂಟಿಯಾದರೆ, ಆಮೇಲೆ ಬಾಗಿಲಿಗೆ ಯಾರು ಮೊದಲು ಬರುತ್ತಾರೋ ಅವರೇ ಜೋಡಿ. ಜಾತಿ, ವಯಸ್ಸು, ಆಟ ಬರುತ್ತದೋ ಇಲ್ಲವೋ, ಯಾವುದನ್ನೂ ಕೇಳುವಂತಿಲ್ಲ. ಬೇಸಿಗೆ ರಜೆಯ ಒಂದು ಮಧ್ಯಾಹ್ನ ನೀನು ಒಂಟಿಯಾಗಿದ್ದಾಗ ಬಾಗಿಲಿಗೆ ಬಂದವಳು ನಮ್ಮ ಹಮಾಲಿ ಪಾಲಣ್ಣನ ಮಗಳು ಹೊನ್ನೂರಮ್ಮ, ನಿನ್ನ ಹೊನ್ನೂರಿ, ಕೈಯಲ್ಲಿ ಅಪ್ಪನ ಬುತ್ತಿಗಂಟು. ‘ನೋಡಾಕ ಬಂದೀನ್ರಿ’ ಎಂದಳು. ‘ಬಾಗಿಲಾಗ ಕಾಲಿಟ್ಟಿ ಅಂದ್ರ ಆಡಬೇಕವ್ವಾ’ ಎಂದರು ಮೇಷ್ಟ್ರು. ಅವತ್ತು ಪಾಲಣ್ಣ ಹಸಿದುಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತು ಮಗಳನ್ನು ಬೈದದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಬಳ್ಳಾರಿಯ ಮೊದಲ ಪಂದ್ಯಕ್ಕೆ ನೀವಿಬ್ಬರೂ ಒಬ್ಬೊಬ್ಬರೇ ಆಡಲು ಹೆಸರು ಕೊಟ್ಟಿದ್ದಿರಿ. ಅಲ್ಲಿಯ ನೆಲದ ಮೇಲೆ ಎರಡೂ ಗೆರೆಗಳಿದ್ದವು. ಹೊರಗಿನ ಗೆರೆಯ ಮೇಲೆ ಕರಾರುವಾಕ್ಕಾಗಿ ಹೋಗಿ ಬೀಳುತ್ತಿದ್ದ ನಿನ್ನ ಹೊಡೆತಗಳನ್ನೆಲ್ಲ ಔಟ್ ಎಂದರು, ಅವಳವನ್ನೂ. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಗೆ ಮುಖ ಹಾಕಿ ಅಳುತ್ತಿದ್ದೆ. ಅವಳು ಮೆಣಸಿನಕಾಯಿ ಬಜ್ಜಿ ತಿನ್ನುತ್ತ, ‘ನಮ್ಮ ಗೆರಿ ಯಾ ಆಟದಾಗ ಐತೋ ಆ ಆಟ ಆಡೋಣು ಬಿಡಲೇ ಅಮ್ಮಿ’ ಎಂದಳು. ಮುಂದಿನ ಸೀಟಿನಲ್ಲಿ ನಾನು ನಿದ್ದೆ ಬಂದವನಂತೆ ಕೂತಿದ್ದೆ. ನಿಮ್ಮ ಆಟದ ಬದುಕು ಶುರುವಾದ ಬಗೆಯ ಕುರಿತು ಪೇಪರಿನವರು ಏನೇನೋ ಬರೆದಿದ್ದಾರೆ. ನಾನು ಕಂಡದ್ದು ಒಬ್ಬ ಪೇಂಟರನ ತಪ್ಪು, ಮತ್ತು ಆ ಬಜ್ಜಿ.

ಆಮೇಲೆ ದಾವಣಗೆರೆ, ಬೆಂಗಳೂರು, ಹೈದರಾಬಾದು, ನಾನು ನಕ್ಷೆಯಲ್ಲಿ ಹುಡುಕಬೇಕಾದ ಊರುಗಳು. ಬಹರೇನಿನಲ್ಲಿ, ಷಟಲ್ ತನ್ನ ಪಾಲಿನದೆಂದು ಹೊನ್ನೂರಮ್ಮ ‘ನಂದೈತಿ!’ ಎಂದು ಕಿರುಚುವುದನ್ನು ಬೈಗುಳ ಎಂದುಕೊಂಡು ಅಂಪೈರ್ ಕರೆದು ವಿಚಾರಿಸಿದಾಗ, ಅದು ನಮ್ಮ ಕಡೆಯ ದೇವರ ಹೆಸರು ಎಂದು ಹೇಳಿ ಬಂದೆಯಲ್ಲ, ಆ ಕತೆಯನ್ನು ನಮ್ಮ ಹಮಾಲರು ಈಗಲೂ ಹೇಳಿಸಿಕೊಂಡು ನಗುತ್ತಾರೆ. ನಿಮ್ಮ ಪಂದ್ಯಗಳನ್ನು ಅಂಗಡಿಯಲ್ಲಿ ಮೊಬೈಲನ್ನು ತಕ್ಕಡಿಗೆ ಆನಿಸಿಟ್ಟು ನೋಡುತ್ತಿದ್ದೆವು. ಎಲ್ಲರೂ ಷಟಲ್ ಹೊಡೆಯುವವಳನ್ನು ನೋಡುತ್ತಾರೆ. ನನಗೆ ಹೊಡೆಯದೆ ನಿಂತವಳ ಕಡೆಗೇ ಕಣ್ಣು ಹೋಗುತ್ತದೆ, ಯಾಕೋ ಗೊತ್ತಿಲ್ಲ. ಅವಳು ಸುಮ್ಮನೆ ನಿಂತಿರುವುದಿಲ್ಲ. ಇನ್ನೂ ಆಗದ ಏನಕ್ಕೋ ಜಾಗ ಮಾಡುತ್ತಿರುತ್ತಾಳೆ. ಬದುಕಿನ ಬಹುಪಾಲನ್ನು ನಾನು ಹಾಗೆ ಕಳೆದಿದ್ದೇನೆಯೇ, ಅಥವಾ ಬರೀ ನಿಂತಿದ್ದೇನೆಯೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದು ಬೇರೆ ಮಾತು.

ಹೋದ ಚಳಿಗಾಲದ ನಾಗಪುರದ ಪಂದ್ಯವನ್ನೂ ಹಾಗೆಯೇ ನೋಡಿದೆ. ಹೊನ್ನೂರಮ್ಮ ಹಾರಿ ಇಳಿದಳು, ಮೊಣಕಾಲು ತಿರುಚಿತು, ಬಿದ್ದಳು. ಷಟಲ್ ಇನ್ನೂ ಗಾಳಿಯಲ್ಲಿತ್ತು. ಅದು ಅವಳ ಅರ್ಧದಲ್ಲಿ ಇಳಿಯುತ್ತಿತ್ತು, ನಿಧಾನವಾಗಿ. ನೀನು ನಿನ್ನ ಅರ್ಧದಲ್ಲೇ ನಿಂತಿದ್ದೆ. ಅವಳು ಎದ್ದು ಹೊಡೆಯುತ್ತಾಳೆ ಎಂಬಂತೆ. ಆ ಕ್ಷಣದಲ್ಲಿ ಯಾರಾದರೂ ಹಾಗೇ ನಿಲ್ಲುತ್ತಿದ್ದರು. ಆದರೆ ಆಪರೇಷನ್ ಆಗಿ, ಅವಳು ಊರಿಗೆ ಬಂದು, ಕೋಲು ಬಿಟ್ಟು ನಡೆಯುವಂತಾದರೂ ನೀನು ಹಾಗೇ ನಿಂತಿದ್ದೀ.

ಮೊನ್ನೆ ಗುರುವಾರ ಸಂಜೆ ಶೆಡ್ಡಿಗೆ ಹೋಗಿದ್ದೆ. ಹೊನ್ನೂರಮ್ಮ ಈಗ ಅಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದಾಳೆ. ಯಾವಾಗ ಹೈದರಾಬಾದಿಗೆ ಮರಳುತ್ತೀ ಎಂದು ಕೇಳಬೇಕೆಂದಿದ್ದೆ. ಬಲೆಯ ಆಚೆ ಇಬ್ಬರು ಹುಡುಗಿಯರು, ಈಚೆ ಇವಳೊಬ್ಬಳೇ. ನಾನು ಹೊಸ್ತಿಲು ದಾಟಿದ್ದೇ ತಡ, ‘ಬರ್ರಿ ಕಾಕಾ, ನೀವ ನನ್ನ ಜೋಡಿ!’ ಎಂದಳು. ‘ನಾ ನೋಡಾಕ ಬಂದೀನವ್ವಾ’ ಎಂದೆ. ‘ನಾನೂ ಅವತ್ತು ಹಂಗ ಅಂದಿದ್ದೆ’ ಎಂದು ಬ್ಯಾಟು ಕೈಗಿಟ್ಟಳು. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ನಿನ್ನ ಅಪ್ಪ ಆಡಿದ. ನೀನು ನೋಡದೇ ಇದ್ದದ್ದು ಒಳ್ಳೆಯದಾಯಿತು. ಅವಳು ಹೆಚ್ಚು ಓಡುವುದಿಲ್ಲ, ನಿಂತಲ್ಲೇ ಆಡುತ್ತಾಳೆ, ಬಾಯಿಯಿಂದ ನನ್ನನ್ನು ಓಡಿಸುತ್ತಾಳೆ. ‘ನಂದೈತಿ! ನಿಮ್ದು, ನಿಮ್ದು! ಅಯ್ಯ ಕಾಕಾ, ಜೋಳದ ಚೀಲ ಬಿದ್ದಂಗ ನೋಡ್ತೀರಲ್ರಿ!’ ಹುಡುಗಿಯರು ಬಲೆ ಹಿಡಿದುಕೊಂಡು ನಕ್ಕರು. ಒಂದು ಸಲ ಷಟಲ್ ಅವಳ ಹಿಂದೆ ಬಿತ್ತು. ಅವಳ ಜಾಗ ಎಂದು ನಾನು ಹೋಗಲಿಲ್ಲ. ಅವಳು ನಗಲಿಲ್ಲ. ‘ಖಾಲಿ ಕಂಡ ಕಡಿ ಹೋಗಬೇಕ್ರಿ ಕಾಕಾ. ಅದು ಹೊನ್ನೂರಿ ಜಾಗ ಅಂತ ಮರ್ಯಾದಿ ಕೊಟ್ಟು ನಿಂತ್ರ ಇಬ್ಬರೂ ಸೋಲ್ತೀವಿ’ ಎಂದಳು. ಬೆವರು ಒರೆಸಿಕೊಳ್ಳುತ್ತ ಕೂತಾಗ ಹೈದರಾಬಾದಿನ ಮಾತು ಬಿಟ್ಟು ಅಂಕ ಎಷ್ಟಾಯಿತೆಂದು ಕೇಳಿದೆ. ಸೋತೆವು, ಹೀನಾಯವಾಗಿ. ಎರಡು ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಆದರೂ ಅಂಥ ಹಗುರ ನಿದ್ದೆ ಬಂದು ಬಹಳ ಕಾಲವಾಗಿತ್ತು.

ಇದನ್ನೆಲ್ಲ ಯಾಕೆ ಬರೆದೆ ಎಂದು ನನಗೇ ಪೂರ್ತಿ ತಿಳಿದಿಲ್ಲ. ಹೀಗೆ ಮಾಡು, ಹಾಗೆ ಮಾಡು ಎನ್ನುವಷ್ಟು ಆಟ ನನಗೆ ಗೊತ್ತಿಲ್ಲ. ನೀನು ಊರಿಗೆ ಬಂದರೆ ಬಾಗಿಲು ತೆಗೆದೇ ಇರುತ್ತದೆ. ಬಾರದೆ ಆಡಿದರೆ ಮೊಬೈಲನ್ನು ಮತ್ತೆ ತಕ್ಕಡಿಗೆ ಆನಿಸಿಡುತ್ತೇನೆ. ಅವ್ವನ ಮುದ್ದು, ಮೇಷ್ಟ್ರ ನೆನಪುಗಳು ಇದರೊಳಗಿವೆ. ಹೊಟ್ಟೆ ತುಂಬ ಉಣ್ಣು, ಭುಜ ನೋಡಿಕೋ. ನೀನು ನಿಂತ ನೆಲ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಗುರುಸಂಗಪ್ಪ

ಮತ್ತೆ: ಪಾಕೀಟು ಅಂಟಿಸುವಷ್ಟರಲ್ಲಿ ಹೊನ್ನೂರಮ್ಮ ಬಂದಳು. ಶೆಡ್ಡಿನ ಬೀಗದ ಕೈ ನಮ್ಮ ಅಂಗಡಿಯಲ್ಲೇ ಇರುತ್ತದೆ. ಯಾರಿಗೆ ಪತ್ರ ಎಂದು ಕೇಳಿ, ಹಾಳೆಗಳನ್ನು ನೋಡಿ, ‘ಇಷ್ಟುದ್ದ ಬರದು ಮುಖ್ಯದ್ದ ಬಿಟ್ಟೀರಿ’ ಎಂದಳು. ಅವಸರದಲ್ಲಿ ಬರೆಯುತ್ತಿದ್ದೇನೆ, ಅವಳು ಎದುರಿಗೇ ನಿಂತಿದ್ದಾಳೆ. ‘ಈ ಮೊಣಕಾಲು ಮ್ಯಾಚ್ ತಡಿಯಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ ಕಾಕಾ. ಅಮ್ಮಿಗೆ ಹೇಳಾಕ ನನಗ ಬಾಯಿ ಬರ್ಲಿಲ್ಲ, ನೀವ ಬರೀರಿ. ನಾ ಬರಂಗಿಲ್ಲ.’ ಹೊಸ ಹುಡುಗಿ ಎಡಗೈಯವಳು ಎಂದು ನಾನು ಹೇಳಿದೆ. ಅವಳ ಕಣ್ಣುಗಳು ಅರಳಿದವು. ‘ಎಡಗೈಯಾಕಿನಾ? ಅಮ್ಮಿ ಬಲಗೈ, ಆಕಿ ಎಡಗೈ ಅಂದ್ರ ಎರಡೂ ಗೆರಿ ಕಡಿ ಜೋರಿನ ಕೈ ಆಗ್ತೈತಲ್ರಿ! ಹುಚ್ಚಿ ಅದಾಳ ಏನು? ನನಗ ಎಡಗೈಯಾಕಿ ಸಿಕ್ಕಿದ್ರ ಇಕಿನ್ನ ಯಾವತ್ತೋ ಬಿಟ್ಟು ಹೋಗ್ತಿದ್ದೆ, ಹಂಗ ಬರೀರಿ.’ ಹೇಳಿ ಜೋರಾಗಿ ನಕ್ಕಳು. ಆಮೇಲೆ ಬೀಗದ ಕೈಯಿಂದ ಆ ಮೊಣಕಾಲನ್ನು ಎರಡು ಸಲ ತಟ್ಟಿದಳು. ನಕ್ಕದ್ದನ್ನೂ ತಟ್ಟಿದ್ದನ್ನೂ ಬರೆದಿದ್ದೇನೆ. ಮೆಟ್ಟಿಲು ಇಳಿಯುತ್ತ ತಿರುಗಿ ಇನ್ನೊಂದು ಸೇರಿಸಿದಳು: ‘ಮೊದ್ಲು ಆ ಎಡಗೈಯಾಕೀಗೆ ನಂದೈತಿ ಅನ್ನೋದು ಕಲಿಸು ಅನ್ರಿ. ಬಾಯಿಬಿಟ್ಟು ಅನ್ನಬೇಕು, ಇಲ್ಲಿತನಕ ಕೇಳಬೇಕು ನನಗ.’