ನೆಲ ಡೊಂಕು

ಆಲ್ದೂರು
16 ಮಾರ್ಚ್ 2025, ಭಾನುವಾರ

ಪ್ರೀತಿಯ ತಂಗಿ ಕುಸುಮಾ,

ಭಾವನವರಿಗೆ ನಮಸ್ಕಾರ, ನಿನಗೆ ಆಶೀರ್ವಾದ. ಸಂಕ್ರಾಂತಿಯ ದಿನ ಫೋನಿನಲ್ಲಿ ‘ಕಾಗದ ಬರೆಯುತ್ತೇನೆ’ ಎಂದವನು ಶಿವರಾತ್ರಿಯನ್ನೂ ದಾಟಿಸಿಬಿಟ್ಟೆ, ಬೈಯಬೇಡ. ಕಾಫಿ ಕುಯ್ಲು ಮುಗಿಯಲಿ ಎಂದೆ, ಆಮೇಲೆ ಗಿಡ ಅರಳಿಸುವ ಹೂಮಳೆ ಬರಲಿ ಎಂದೆ. ಎರಡೂ ಆಗಿ ನೆಪಗಳು ಮುಗಿದವು. ನಿನ್ನ ಅತ್ತಿಗೆ ರಜನಿಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಬರೆಯಬೇಕಾದದ್ದು ಅಪ್ಪನ ಫಿಯಟ್ ವಿಷಯ. ಮೂವತ್ತು ವರ್ಷದಿಂದ ನೀನು ಹತ್ತದ ಕಾರು ಅದು, ಗೊತ್ತು. ಆದರೂ ಕಾಗದ ಮಡಚಿ ಇಡಬೇಡ. ಅದರ ಗೇರ್‌ಬಾಕ್ಸಿನಿಂದ ಎಣ್ಣೆ ಸೋರುವುದು ನಿಂತಿದೆ. ಅದು ಸೋರಿದ್ದು ನಿನ್ನ ಕೈಯಿಂದಲ್ಲ.

ಹೊರನಾಡಿಗೆ ಹೋಗುತ್ತಿದ್ದ ದಿನಗಳು ನೆನಪಿವೆಯಾ? ಮುಂದಿನ ಸೀಟಿನಲ್ಲಿ ಅಪ್ಪನಿಗೆ ಅಂಟಿಕೊಂಡು ನೀನು. ಅಪ್ಪ ಕ್ಲಚ್ ತುಳಿದು ‘ಹೂಂ’ ಎಂದರೆ ಸ್ಟೀರಿಂಗ್ ಪಕ್ಕದ ಗೇರ್ ಹಾಕುವವಳು ನೀನೇ. ಹಿಂದೆ ಅಮ್ಮನ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ, ಅವಳ ಪಕ್ಕದಲ್ಲಿ ಪ್ರತಿ ತಿರುವಿಗೂ ಹೊಟ್ಟೆ ತೊಳಸಿ ಕಿಟಕಿಗೆ ತಲೆ ಹಾಕುವ ನಾನು. ಬಾಳೆಹೊನ್ನೂರು ಸೇತುವೆ ಬಂದರೆ ಸಾಕಪ್ಪಾ ಅನ್ನಿಸುತ್ತಿತ್ತು. ನೆನೆದರೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಬರುತ್ತದೆ.

ತೊಂಬತ್ತನಾಲ್ಕರ ಮಳೆಗಾಲದಲ್ಲಿ, ಹತ್ತನೇ ತರಗತಿಯ ಹುಡುಗಿ, ನೀನು ಕಾರಿನಡಿ ಮಲಗಿ ಗೇರ್‌ಬಾಕ್ಸಿನ ತಳದ ಮುಚ್ಚಳ ಬಿಚ್ಚಿದೆ. ಮುಚ್ಚಳದ ಸಂದಿಯಲ್ಲಿ ಹರಿದಿದ್ದ ಪ್ಯಾಕಿಂಗ್ ಕಿತ್ತು ರಟ್ಟಿನಲ್ಲಿ ಹೊಸದನ್ನು ಕತ್ತರಿಸಿ ಕೂರಿಸಿದೆ. ವಾರದೊಳಗೆ ಶೆಡ್ಡಿನ ನೆಲದ ಮೇಲೆ ಮತ್ತೆ ಎಣ್ಣೆ. ಕಾರು ಸಮ ನಿಂತಿಲ್ಲ, ಇಲ್ಲಿ ಎಣ್ಣೆಯ ಅಳತೆ ಸರಿಯಾಗಿ ಸಿಗುವುದಿಲ್ಲ ಎಂದು ನೀನು ಹೇಳಿದ್ದಕ್ಕೆ ಅಪ್ಪ ನಕ್ಕರು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಆಮೇಲೆ ಬಂದ ನೆಂಟರ ಮುಂದೆಲ್ಲ ಅದೇ ಮಾತು. ಮರುವರ್ಷ ನೀನು ಆಟೊಮೊಬೈಲ್ ಡಿಪ್ಲೊಮಾಗೆ ಅರ್ಜಿ ತಂದಾಗಲೂ ಅದೇ. ಒಂದು ಮುಚ್ಚಳ ಕೂರಿಸಲು ಬಾರದವಳಿಗೆ ಡಿಪ್ಲೊಮಾ ಬೇರೆ ಕೇಡು ಎಂದರು. ಕೆಲವು ವರ್ಷಕ್ಕೆ ನೀನು ಮದುವೆಯಾಗಿ ಹೊರನಾಡಿಗೆ ಹೋದೆ, ಭಾವನವರ ಲಾಡ್ಜ್ ನೋಡಿಕೊಂಡೆ.

ಈ ತಿಂಗಳ ಮೊದಲ ವಾರ ಮೆಕ್ಯಾನಿಕ್ ಪ್ರಶಾಂತ್‌ನನ್ನು ಕರೆಸಿದೆ. ಎಣ್ಣೆ ಇಳಿಸಿದವನೇ, ಇಷ್ಟೊಂದು ಯಾರು ತುಂಬಿದ್ದು ಎಂದು ಕೇಳಿದ. ಎಣ್ಣೆ ತುಂಬುವುದು ಮೊದಲಿನಿಂದ ನನ್ನ ಕೆಲಸವಲ್ಲವೇ? ಪಕ್ಕದ ತೂತಿನಿಂದ ತುಳುಕುವವರೆಗೆ ತುಂಬಿ ಬಿರಡೆ ಬಿಗಿಯುತ್ತೇನೆ ಎಂದೆ. ಅವನು ಶೆಡ್ಡಿನ ನೆಲದ ಮೇಲೆ ಗಾರೆಯವರ ರಸಮಟ್ಟ ಇಟ್ಟ. ಒಳಗಿನ ಗುಳ್ಳೆ ಓಡಿ ಮೂಲೆ ಸೇರಿತು. ತೂತಿರುವ ಬದಿ ಎತ್ತರ, ಹಾಗಾಗಿ ತುಳುಕುವಷ್ಟರಲ್ಲಿ ಅರ್ಧ ಲೀಟರ್ ಹೆಚ್ಚು ಸೇರುತ್ತಿತ್ತು. ಆ ಹೆಚ್ಚಿನದು ಹಿಂದಿನ ಸೀಲಿನಿಂದ ಇಳಿಯುತ್ತಿತ್ತು.

ನಮ್ಮ ತೋಟದಲ್ಲಿ ಸಮ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ. ಕಾಫಿಗೆ ವಾಸನೆ ಹಿಡಿಯುತ್ತದೆಂದು ಅಪ್ಪ ಕಾರಿನ ಚಕ್ರ ಅಲ್ಲಿಗೆ ಸೋಕಿಸುತ್ತಿರಲಿಲ್ಲ. ಈಗ ಕಣ ಖಾಲಿ. ಅಲ್ಲಿಗೆ ತಳ್ಳಿ ಅಳತೆಗೆ ತಕ್ಕಷ್ಟು ತುಂಬಿದೆವು. ಹನ್ನೆರಡು ದಿನವಾಯಿತು, ಒಂದು ಹನಿ ಬಿದ್ದಿಲ್ಲ. ನೆಲ ನಿಜವಾಗಿಯೂ ಡೊಂಕಿತ್ತು ಕುಸುಮಾ.

ಪ್ರಶಾಂತ್ ತಳದ ಮುಚ್ಚಳವನ್ನೂ ಬಿಚ್ಚಿದ್ದ. ನಿನ್ನ ಪ್ಯಾಕಿಂಗ್ ಹಾಗೇ ಇತ್ತು. ವಿಜ್ಞಾನದ ರೆಕಾರ್ಡ್ ಪುಸ್ತಕದ ರಟ್ಟು, ಒಂದು ಬದಿಗೆ ಪೆನ್ಸಿಲಿನಲ್ಲಿ ನಿನ್ನ ಹೆಸರಿನ ಅರ್ಧ. “ಯಾರ ಕೈ ಸಾರ್ ಇದು? ಒಂದು ಬೋಲ್ಟಿನ ತೂತೂ ಆಚೀಚೆ ಆಗಿಲ್ಲ,” ಅಂದ. ನನ್ನ ತಂಗಿಯದು ಎಂದೆ.

ಮಕ್ಕಳಿಗೆ ರಜೆ ಬಂದಾಗ ಎಲ್ಲರೂ ಬನ್ನಿ. ನೀನು ಓಡಿಸು, ನಾನು ಹಿಂದೆ ಕೂರುತ್ತೇನೆ. ಅನ್ನಪೂರ್ಣೇಶ್ವರಿ ನಿನ್ನ ಮನೆಯನ್ನು ತಣ್ಣಗಿಡಲಿ.

ಇತಿ ನಿನ್ನ ಅಣ್ಣ,
ಷಡಕ್ಷರಿ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನಗೆ ಇದು ಪ್ರಶಾಂತ್‌ನಿಂದ ತಿಳಿದದ್ದಲ್ಲ. ತೊಂಬತ್ತನಾಲ್ಕರ ಆಯುಧಪೂಜೆಯ ದಿನ ಫೋಟೊ ತೆಗೆಸಲೆಂದು ಅಪ್ಪ ಅದೊಂದು ಸಲ ಕಾರನ್ನು ಕಣಕ್ಕೆ ತಂದಿದ್ದರು. ನಾನು ಸುಮ್ಮನೆ ಬಿರಡೆ ಬಿಚ್ಚಿದೆ. ಹೆಚ್ಚಾಗಿದ್ದ ಎಣ್ಣೆ ಧಾರೆಯಾಗಿ ಸುರಿಯಿತು. ನೀನು ಹೇಳಿದ್ದೇ ಸರಿ ಎಂದು ಆಗಲೇ ಅರ್ಥವಾಯಿತು. ಅಪ್ಪನಿಗೆ ಹೇಳಿದರೆ ಆಗಷ್ಟೇ ನನಗೆ ಸಿಕ್ಕಿದ್ದ ಮುಂದಿನ ಸೀಟು ಮತ್ತೆ ನಿನ್ನದಾಗುತ್ತದೆ ಎಂದು ಬಿರಡೆ ಬಿಗಿದೆ, ಮೊದಲಿನಂತೆಯೇ ತುಂಬುತ್ತ ಬಂದೆ. ಅಪ್ಪ ನಿನ್ನ ಅರ್ಜಿ ಹರಿದ ಬೆಳಿಗ್ಗೆ ನೀನು ನನ್ನ ಕಡೆ ತಿರುಗಿ, “ಅಣ್ಣ, ನೀನಾದ್ರೂ ಹೇಳು,” ಅಂದೆ. ನಾನು ತಲೆ ಎತ್ತದೆ ರೊಟ್ಟಿ ತಿಂದೆ.