ಲಾರಿಯ ಬ್ರೇಕಿಗೆ ಆರಿಸಿದ ಲೋಹ

ಅಪ್ಪಾ,

ಲಾರಿಯ ಬ್ರೇಕ್ ಪೆಡಲ್ ಹಿಡಿದಿಡುವ ಬ್ರ್ಯಾಕೆಟ್ಟಿಗೆ ಯಾವ ಅಲ್ಯೂಮಿನಿಯಂ ಬೇಕೆಂದು, ನೀವು ತೀರಿಕೊಂಡ ಮೇಲೆ ಮೊದಲ ಸಲ ನಾನೇ ಆರಿಸಿದೆ. "ಅಮ್ಮಾ, ಸಲೀಸಾಗಿ ಹರಿಯೋದನ್ನೇ ಹುಯ್ಯೋಣ, ಅಚ್ಚು ಚೆನ್ನಾಗಿ ತುಂಬುತ್ತೆ" ಎಂದರು ನಮ್ಮ ಎರಕದ ಕಾರ್ಖಾನೆಯ ಮೇಸ್ತ್ರಿ. ಆದರೆ ಅದು ಪೆಟ್ಟು ಬಿದ್ದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ನಾನು ಬಾಗಿದರೂ ಮುರಿಯದ ಮಿಶ್ರಲೋಹವನ್ನೇ ಹುಯ್ಯಿಸಿದೆ. ಅದು ಸರಿಯಾಗಿ ಹರಿಯದೆ ಒಳಗೆ ಗಾಳಿಗುಳ್ಳೆ ಉಳಿದಿದ್ದರೆ? ಬ್ರ್ಯಾಕೆಟ್ಟಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ.

ಇವತ್ತು ಆ ಬ್ರ್ಯಾಕೆಟ್ ಹಾಕಿದ ಮೊದಲ ಲಾರಿಯನ್ನು ಪರೀಕ್ಷೆಗೆಂದು ತಮ್ಮನೇ ಬೆಟ್ಟದ ಇಳಿಜಾರಿಗೆ ಒಯ್ದ. ನಾನು ಊಟ ಬಿಟ್ಟು ಕಾದೆ. ಕೊನೆಗೂ ಫೋನ್ ಬಂತು: "ಇಳಿದೆ ಕಣಕ್ಕಾ, ಬ್ರೇಕ್ ಗಟ್ಟಿಯಾಗಿದೆ. ಇನ್ನಾದ್ರೂ ಊಟ ಮಾಡು."

ತಟ್ಟೆಯ ಮುಂದೆ ಕೂತೆ, ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದೆ. ನಾಳೆಯಿಂದ ಈ ಬ್ರ್ಯಾಕೆಟ್ ಇರುವ ಲಾರಿಗಳನ್ನು ಓಡಿಸುವವರು ಯಾರೋ ಏನೋ. ಅವರ್‍ಯಾರೂ ನನಗೆ ಫೋನ್ ಮಾಡುವುದಿಲ್ಲ.

ಊಟಕ್ಕೆ ಕೂತಾಗ ನೀವು ಮಾತೇ ಆಡುತ್ತಿರಲಿಲ್ಲ. ನಾವದನ್ನು ಸಿಟ್ಟು ಅಂದುಕೊಂಡಿದ್ದೆವು.