ಶಾಲೆಯ ಗೋಡೆಗೆ ಬಂದ ನಲ್ಲಿ

ಅಮ್ಮಾ, ನಿನ್ನ ದೊಡ್ಡವಳ ನಮಸ್ಕಾರ.

ಈ ಪರದೇಶದಲ್ಲಿ ನಮ್ಮ ಸೈನ್ಯಕ್ಕೂ ಊರವರಿಗೂ ನಡುವೆ ಮಾತು ಸಾಗಿಸುವುದೇ ನನ್ನ ಕೆಲಸ. ನಮ್ಮವರು ಊರವರಿಗೆಂದು ಶಿಬಿರದ ಬಾಗಿಲ ಬಳಿ ನಲ್ಲಿ ಹಾಕಿಸಿದರು. ಮೂರು ದಿನವಾದರೂ ಕೊಡ ಹಿಡಿದು ಒಬ್ಬರೂ ಬರಲಿಲ್ಲ. ಶಾಲೆಯ ಅಡುಗೆಯಾಕೆಯನ್ನು ಕೇಳಿದೆ. "ನೀರಿಗೇನೂ ಆಗಿಲ್ಲಮ್ಮ. ಪಕ್ಕದಲ್ಲೇ ನಿಮ್ಮವರು ಬಂದೂಕು ಹಿಡ್ಕೊಂಡು ನಿಂತಿರ್ತಾರಲ್ಲ, ಮಕ್ಕಳು ಹೆದರ್ತಾವೆ" ಅಂದಳು. ನಮ್ಮ ಶಿಬಿರದ ಸಾಹೇಬರಿಗೆ ಹೇಳಿದರೆ ಮೊದಲು ಮುಖ ಗಂಟಿಕ್ಕಿದರು. ಆಮೇಲೆ ತಾವೇ ಪಿಕಾಸಿ ಹಿಡಿದು ಶಾಲೆಯವರೆಗೆ ಪೈಪಿಗೆ ನೆಲ ಅಗೆದರು. ಇವತ್ತು ಬೆಳಿಗ್ಗೆ ನಲ್ಲಿ ಶಾಲೆಯ ಗೋಡೆಗೆ ಬಂತು. ಕೊಡಗಳ ಸಾಲು ಬೀದಿಯ ತುದಿಯವರೆಗೆ!

ಎಲ್ಲರಿಗಿಂತ ಮುಂದಿದ್ದ ಅಜ್ಜಿ ಮೊದಲ ಲೋಟ ತುಂಬಿಸಿ ನನಗೇ ಕುಡಿಸಿದಳು. ಕೆನ್ನೆ ಸವರಿ, "ಅಮ್ಮಂಗೆ ಕಾಗದ ಹಾಕಿದ್ಯಾ ಮಗಳೇ?" ಅಂದಳು. ಹಾಕಿ ಎರಡು ತಿಂಗಳಾಯಿತು ಅನ್ನಲು ನಾಚಿಕೆಯಾಗಿ "ಹ್ಞೂಂ" ಅಂದುಬಿಟ್ಟೆ. ನೇರ ಗುಡಾರಕ್ಕೆ ಬಂದು ಈ ಕಾರ್ಡು ಹಿಡಿದು ಕೂತೆ.

ನನ್ನ ಕೆಮ್ಮು ಪೂರಾ ವಾಸಿಯಾಗಿದೆ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ತಮ್ಮನಿಗೆ ಬೈಯಬೇಡ, ನಾನು ಬಂದು ಬೈಯುತ್ತೇನೆ. ಅಂಚೆಯ ಚೀಲ ಕಟ್ಟುತ್ತಿದ್ದಾರೆ. ನಾಳೆ ಅಜ್ಜಿ ಮತ್ತೆ ಕೇಳಿದರೆ ಅವಳ ಮುಖ ನೋಡಿಯೇ ಉತ್ತರ ಕೊಡುತ್ತೇನೆ.

ನಿನ್ನ ದೊಡ್ಡವಳು